ಕ್ರಿಸ್‌ಮಸ್ ರಜೆಯಲ್ಲಿ ಯುರೋಪ್ ಪ್ರವಾಸ: ಬಾಗಿಲು ಹಾಕಿರುವ ದಿನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷದ ಕೊನೆಗೆ ಆಫೀಸಿಗೂ ರಜೆ ಸಿಗುತ್ತದೆ, ಮಕ್ಕಳಿಗೂ ಶಾಲೆ ಇರುವುದಿಲ್ಲ. ಹಾಗಾಗಿ ಆಗ ಯುರೋಪಿಗೆ ಹೊರಡುವವರು ಬಹಳ. ಅಲ್ಲಿನವರಿಗೂ ಅವೇ ದಿನಗಳು ರಜೆ ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದು ವಿಮಾನದ ಟಿಕೆಟ್ ತೆಗೆದಾದ ಮೇಲೆ. ಗೆಳೆಯರು, ನೆಂಟರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಯಾವ ತಾರೀಖು ಯಾವ ವಾರ ಅನ್ನುವ ಲೆಕ್ಕ 2026ರ ಡಿಸೆಂಬರ್‌ಗೆ.

ಮುಚ್ಚಿರುವುದು 25ನೇ ತಾರೀಖು ಒಂದೇ ದಿನ ತಾನೇ? ಅದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಒಂದೇ ದಿನ ಆಗಿದ್ದರೆ ಈ ಪುಟವೇ ಬೇಕಿರಲಿಲ್ಲ. ಪ್ರವಾಸಿಗರು ಸಿಕ್ಕಿಬೀಳುವುದು 25ಕ್ಕಲ್ಲ, 24ರ ಮಧ್ಯಾಹ್ನಕ್ಕೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಆ ದಿನ ಮಧ್ಯಾಹ್ನ 2ರ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತವೆ. ಜೆಕ್ ಗಣರಾಜ್ಯದಲ್ಲಿ ದೊಡ್ಡ ಅಂಗಡಿಗಳು 12ಕ್ಕೇ ಮುಚ್ಚಬೇಕು ಅಂತ ಕಾನೂನೇ ಇದೆ. ಪೋಲೆಂಡ್ 2025ರಿಂದ 24ನ್ನೂ ಸಾರ್ವಜನಿಕ ರಜೆ ಮಾಡಿದೆ. ಮಧ್ಯ ಯುರೋಪಿನಲ್ಲೂ ಉತ್ತರದ ದೇಶಗಳಲ್ಲೂ ಹಬ್ಬ ನಡೆಯುವುದೇ 24ರ ಸಂಜೆ. ಉಡುಗೊರೆ, ಮನೆಮಂದಿಯ ಊಟ ಎಲ್ಲ ಅವತ್ತೇ.

ನಾವು ಮೊದಲ ಸಲ ಹೋದಾಗ ಇದು ಗೊತ್ತಿರಲಿಲ್ಲ. ಜರ್ಮನಿಯ ಒಂದು ಊರಿನಲ್ಲಿ 24ರ ಮಧ್ಯಾಹ್ನ ಎರಡೂವರೆಗೆ ರೈಲಿಳಿದು, ಬಾಡಿಗೆ ಮನೆಯಲ್ಲಿ ಲಗೇಜ್ ಇಟ್ಟು, ಸಾಮಾನು ತರೋಣ ಅಂತ ಹೊರಟೆವು. ಸೂಪರ್‌ಮಾರ್ಕೆಟಿನ ಗಾಜಿನ ಬಾಗಿಲು ತೆರೆಯಲಿಲ್ಲ. ಒಳಗೆ ಒಬ್ಬ ಹುಡುಗ ನೆಲ ಒರೆಸುತ್ತಿದ್ದ. ನಮ್ಮನ್ನು ನೋಡಿ ಬಾಗಿಲಿಗೆ ಅಂಟಿಸಿದ್ದ ಕಾಗದದ ಕಡೆ ಕೈ ತೋರಿಸಿದ. ಅದರಲ್ಲಿ ನಮಗೆ ಓದಲು ಬಂದದ್ದು ಒಂದೇ, 27 ಅನ್ನುವ ಅಂಕಿ. ಮಗಳು ಆಗ ಚಿಕ್ಕವಳು, ಹಸಿವು ಅಂತ ಕೋಟು ಹಿಡಿದು ಎಳೆಯುತ್ತಿದ್ದಳು. ಕೊನೆಗೆ ರೈಲು ನಿಲ್ದಾಣಕ್ಕೇ ವಾಪಸ್ ನಡೆದು, ಅಲ್ಲಿ ತೆರೆದಿದ್ದ ಪುಟ್ಟ ಅಂಗಡಿಯಿಂದ ಬ್ರೆಡ್ಡು, ಬಾಳೆಹಣ್ಣು, ಮೊಸರಿನ ಡಬ್ಬಿಗಳನ್ನು ತಂದು ದಿನ ದೂಡಿದೆವು. ಜರ್ಮನಿಯಲ್ಲಿ ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಅಂಗಡಿಗಳಿಗೆ ರಜೆಯ ನಿಯಮದಿಂದ ವಿನಾಯಿತಿ ಇದೆ ಅಂತ ತಿಳಿದದ್ದು ಆಮೇಲೆ.

2026ರಲ್ಲಿ ಇದು ಇನ್ನೂ ಬಿಗಿ. 24 ಗುರುವಾರ, 25 ಶುಕ್ರವಾರ, 26 ಶನಿವಾರ, 27 ಭಾನುವಾರ. 25, 26 ಎರಡೂ ಜರ್ಮನಿಯಲ್ಲಿ ರಜೆ, ಭಾನುವಾರ ಹೇಗೂ ಅಂಗಡಿ ಇಲ್ಲ. ಗುರುವಾರ ಮಧ್ಯಾಹ್ನ ಮುಚ್ಚಿದ ಬಾಗಿಲು ತೆರೆಯುವುದು ಸೋಮವಾರ ಬೆಳಿಗ್ಗೆ.

ಹಾಗಾದರೆ ಪ್ಲ್ಯಾನ್ ಎಲ್ಲಿಂದ ಶುರು ಮಾಡಬೇಕು?

ಮುಚ್ಚಿರುವ ದಿನಗಳಿಂದ. ನೋಡಬೇಕಾದ ಜಾಗಗಳ ಪಟ್ಟಿಯನ್ನು ಆಮೇಲೆ ಮಾಡಿ. ಒಂದು ಹಾಳೆಯಲ್ಲಿ ಡಿಸೆಂಬರ್ 20ರಿಂದ ಜನವರಿ 6ರವರೆಗೆ 18 ಮನೆ ಗೆರೆ ಹಾಕಿ. ನೀವು ಹೋಗುವ ದೇಶದ ರಜೆಗಳಿಗೆ ಕೆಂಪು ಗುರುತು, ಅರ್ಧ ದಿನ ಮಾತ್ರ ತೆರೆದಿರುವ 24 ಮತ್ತು 31ಕ್ಕೆ ಅರ್ಧ ಗುರುತು, ಭಾನುವಾರಗಳಿಗೆ ಒಂದು ಚುಕ್ಕಿ. ಆಮೇಲೆ ನೀವು ಬಿಡಲೇಬಾರದು ಅಂದುಕೊಂಡ ಮೂರು ಜಾಗಗಳ ವಾರದ ರಜೆಯನ್ನೂ ಅದೇ ಹಾಳೆಗೆ ಸೇರಿಸಿ.

ಇಷ್ಟಾದ ಮೇಲೆ ಊರಿಂದ ಊರಿಗೆ ಹೋಗುವ ದಿನಗಳನ್ನು ಗೊತ್ತು ಮಾಡಿ. ನನ್ನ ಮಟ್ಟಿಗೆ ಒಂದು ನಿಯಮವನ್ನು ಮುರಿಯುವುದಿಲ್ಲ: 24ರ ಬೆಳಿಗ್ಗೆಯಿಂದ 26ರ ರಾತ್ರಿವರೆಗೆ ಒಂದೇ ಊರು, ಒಂದೇ ಹಾಸಿಗೆ. ಆ ಊರು ದೊಡ್ಡದಿರಬೇಕು, ನಡೆದೇ ತಿರುಗುವಂತಿರಬೇಕು. ಮೂರು ವಾರದ ಪ್ರವಾಸವಾದರೂ ಮೊದಲು ಗಟ್ಟಿಮಾಡಬೇಕಾದ ಬುಕ್ಕಿಂಗ್ ಈ ಮೂರು ರಾತ್ರಿಗಳದ್ದೇ.

ಯಾವ ದೇಶದಲ್ಲಿ ಯಾವ್ಯಾವ ದಿನ ರಜೆ?

25 ಮತ್ತು ಜನವರಿ 1 ಬಹುಪಾಲು ಎಲ್ಲ ಕಡೆ. ಗೊಂದಲ ಇರುವುದು ಉಳಿದ ದಿನಗಳಲ್ಲಿ.

26 ಜರ್ಮನಿ, ಆಸ್ಟ್ರಿಯಾ, ಇಟಲಿ, ನೆದರ್ಲೆಂಡ್ಸ್, ಬ್ರಿಟನ್‌ಗಳಲ್ಲಿ ರಜೆ. ಫ್ರಾನ್ಸಿನಲ್ಲಿ ಅಲ್ಲ, ಪ್ಯಾರಿಸ್ 26ಕ್ಕೆ ಮಾಮೂಲಿ ಕೆಲಸದ ದಿನ. ಆದರೆ ಅದೇ ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಕೊಲ್ಮಾರ್ ಇರುವ ಅಲ್ಸಾಸ್ ಪ್ರದೇಶದಲ್ಲಿ 26 ಕೂಡ ರಜೆ. ಸ್ಪೇನ್‌ನಲ್ಲೂ ಹೀಗೇ, ಮ್ಯಾಡ್ರಿಡ್‌ನಲ್ಲಿ ಇಲ್ಲದ 26ರ ರಜೆ ಬಾರ್ಸಿಲೋನಾದಲ್ಲಿ ಇದೆ. ದೇಶದ ಹೆಸರು ಹಾಕಿ ಹುಡುಕಿದರೆ ಸಾಲದು, ಪ್ರದೇಶದ ಹೆಸರನ್ನೂ ಹಾಕಿ ನೋಡಿ ಅಂತ ಒತ್ತಿ ಹೇಳುವುದು ಇದಕ್ಕೇ.

ಬ್ರಿಟನ್‌ನಲ್ಲಿ ರಜೆ ಶನಿವಾರ, ಭಾನುವಾರ ಬಿದ್ದರೆ ಬದಲಿ ರಜೆ ಕೊಡುತ್ತಾರೆ. 2026ರ 26 ಶನಿವಾರ ಆಗಿರುವುದರಿಂದ ಸೋಮವಾರ 28 ಕೂಡ ಬ್ಯಾಂಕ್ ರಜೆ, ಅಂದರೆ ಅಲ್ಲಿನ ಸಾರ್ವಜನಿಕ ರಜೆ. ಸ್ಕಾಟ್ಲೆಂಡ್‌ಗೆ ಜನವರಿ 2ರ ರಜೆಯೂ ಇದೆ. ಅದು 2027ರಲ್ಲಿ ಶನಿವಾರ ಬೀಳುವುದರಿಂದ ಬದಲಿ ರಜೆ ಸೋಮವಾರ 4ಕ್ಕೆ ಹೋಗುತ್ತದೆ.

ಜನವರಿ 6ನ್ನು ಮರೆಯುವವರೇ ಹೆಚ್ಚು. ಇಟಲಿ, ಸ್ಪೇನ್, ಆಸ್ಟ್ರಿಯಾಗಳಲ್ಲಿ ಅದು ದೊಡ್ಡ ರಜೆ. ಸ್ಪೇನ್‌ನಲ್ಲಿ ಮಕ್ಕಳಿಗೆ ಉಡುಗೊರೆ ಸಿಗುವ ದಿನವೇ ಅದು. 5ರ ಸಂಜೆ, ಶಿಶು ಯೇಸುವನ್ನು ನೋಡಲು ಬಂದರು ಅನ್ನುವ ಮೂವರು ರಾಜರ ಮೆರವಣಿಗೆ ಊರೂರಿನಲ್ಲೂ ಹೊರಡುತ್ತದೆ, ರಸ್ತೆಗಳನ್ನು ಮುಚ್ಚುತ್ತಾರೆ. ಆ ಸಂಜೆ ಸ್ಪೇನ್‌ನಲ್ಲಿದ್ದರೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ, ರಸ್ತೆ ಬದಿಯಲ್ಲಿ ನಿಂತು ಮೆರವಣಿಗೆ ನೋಡಿ. ಅಷ್ಟು ಚೆನ್ನಾಗಿರುತ್ತದೆ.

ಕ್ರಿಸ್‌ಮಸ್ ದಿನ ಲಂಡನ್‌ನಲ್ಲಿ ಇರಬಹುದಾ?

ಇರಬಹುದು, ಆದರೆ ಇದನ್ನು ತಿಳಿದುಕೊಂಡು ಇರಿ: 25ರಂದು ಲಂಡನ್‌ನಲ್ಲಿ ಅಂಡರ್‌ಗ್ರೌಂಡ್ ಮೆಟ್ರೋ ಓಡುವುದಿಲ್ಲ, ಬಸ್ ಓಡುವುದಿಲ್ಲ, ಊರಿನ ಹೊರಗೆ ಹೋಗುವ ರೈಲುಗಳೂ ಇಲ್ಲ. ಸಂಖ್ಯೆ ಕಡಿಮೆ ಮಾಡುತ್ತಾರೆ ಅಂತಲ್ಲ, ಪೂರ್ತಿ ನಿಲ್ಲಿಸುತ್ತಾರೆ. ಪ್ಯಾರಿಸ್ ಕಡೆಗೆ ಹೋಗುವ ಯುರೋಸ್ಟಾರ್ ರೈಲು ಕೂಡ ಆ ದಿನ ಇಲ್ಲ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ 25ರಂದು ತೆರೆಯುವಂತಿಲ್ಲ ಅಂತ 2004ರ ಕಾಯ್ದೆ ಹೇಳುತ್ತದೆ. ಮೂಲೆ ಅಂಗಡಿಗಳು ಕೆಲವು ತೆರೆದಿರುತ್ತವೆ. 26ಕ್ಕೆ ಅಂಡರ್‌ಗ್ರೌಂಡ್ ಮತ್ತೆ ಶುರುವಾಗುತ್ತದೆ, ಆದರೆ ದೇಶದ ಬಹುಪಾಲು ರೈಲುಗಳು ಅಂದೂ ಹಳಿಗೆ ಇಳಿಯುವುದಿಲ್ಲ. ಅದರ ಮುಂದಿನ ವಾರವನ್ನು ಹಳಿ ರಿಪೇರಿಗೆ ಬಳಸಿಕೊಳ್ಳುತ್ತಾರೆ, ಹಾಗಾಗಿ 27ರ ಮೇಲೂ ಕೆಲವು ದೊಡ್ಡ ಮಾರ್ಗಗಳು ಬಂದ್ ಇರುತ್ತವೆ.

ಬ್ರಿಟಿಷ್ ಮ್ಯೂಸಿಯಂ 24, 25, 26 ಮೂರೂ ದಿನ ಮುಚ್ಚಿರುತ್ತದೆ. ನ್ಯಾಷನಲ್ ಗ್ಯಾಲರಿಗೂ ಅವೇ ಮೂರು ದಿನ, ಜೊತೆಗೆ ಜನವರಿ 1. ಇನ್ನು ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆ ನೋಡುವವರಿಗೆ 25, 26 ಇಲ್ಲ.

ಆದ್ದರಿಂದ ಲಂಡನ್‌ನಲ್ಲೇ ಹಬ್ಬ ಕಳೆಯುವುದಾದರೆ ರೂಮನ್ನು ಊರ ಹೊರಗೆ ಅಗ್ಗ ಅಂತ ಹಿಡಿಯಬೇಡಿ. ಉಳಿಸಿದ ದುಡ್ಡು ಅವತ್ತಿನ ಟ್ಯಾಕ್ಸಿಗೇ ಹೋಗುತ್ತದೆ. ಥೇಮ್ಸ್ ದಂಡೆಯಿಂದ ಅರ್ಧ ಗಂಟೆ ನಡಿಗೆಯೊಳಗೆ ಇದ್ದರೆ ಖಾಲಿ ಲಂಡನ್ ನೋಡಲು ಸಿಗುತ್ತದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಬಸ್ಸೇ ಇಲ್ಲದ ಬೆಳಗ್ಗೆಯನ್ನು ವರ್ಷದಲ್ಲಿ ಇನ್ನೊಂದು ದಿನ ಹುಡುಕಿದರೂ ಸಿಗುವುದು ಕಷ್ಟ.

25ರಂದು ವಿಮಾನ ಹತ್ತಿದರೆ ಅಗ್ಗವಂತೆ, ಹೌದಾ?

ಎಷ್ಟೋ ಸಲ ಆ ದಿನದ ಟಿಕೆಟ್ ಹಿಂದು ಮುಂದಿನ ದಿನಗಳಿಗಿಂತ ಕಡಿಮೆಗೆ ಸಿಗುತ್ತದೆ. ಆದರೆ ಇಳಿದ ಮೇಲೆ ಊರೊಳಗೆ ಹೇಗೆ ಹೋಗುತ್ತೀರಿ ಅಂತ ಮೊದಲು ನೋಡಿ. ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣ 25ಕ್ಕೆ ತೆರೆದಿರುತ್ತದೆ, ಅಲ್ಲಿಂದ ಊರಿಗೆ ಬರುವ ರೈಲುಗಳು ಇರುವುದಿಲ್ಲ. ಡಬ್ಲಿನ್ ವಿಮಾನ ನಿಲ್ದಾಣವಂತೂ ಆ ದಿನ ಪೂರ್ತಿ ಬಂದ್.

ದೊಡ್ಡ ಮ್ಯೂಸಿಯಂ, ಅರಮನೆಗಳಿಗೆ ಯಾವಾಗ ಹೋಗಬೇಕು?

ಹಬ್ಬದ ರಜೆಯ ಜೊತೆಗೆ ವಾರದ ರಜೆ ಸೇರಿಕೊಳ್ಳುವುದು ಇಲ್ಲಿನ ತೊಡಕು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಜೊತೆಗೆ 25 ಮತ್ತು ಜನವರಿ 1. ಪ್ಯಾರಿಸ್ ಹತ್ತಿರದ ವರ್ಸೈ ಅರಮನೆಗೆ ಸೋಮವಾರ ರಜೆ, ಜೊತೆಗೆ ಅವೇ ಎರಡು ದಿನ. ಓರ್ಸೇ ಮ್ಯೂಸಿಯಂಗೂ ಸೋಮವಾರ ರಜೆ. ಈಗ 2026ರ ಕ್ಯಾಲೆಂಡರ್ ಇಟ್ಟುಕೊಂಡು ನೋಡಿ: 28 ಸೋಮವಾರ ವರ್ಸೈ, ಓರ್ಸೇ ಎರಡೂ ಇಲ್ಲ, 29 ಮಂಗಳವಾರ ಲೂವ್ರ್ ಇಲ್ಲ. ವರ್ಸೈ ಮುಚ್ಚಿರುವ ಸೋಮವಾರ ಎಲ್ಲರೂ ಲೂವ್ರ್‌ಗೆ ನುಗ್ಗುತ್ತಾರೆ, ಲೂವ್ರ್ ಮುಚ್ಚಿರುವ ಮಂಗಳವಾರ ವರ್ಸೈನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮಗೆ ಬುಧವಾರ 30 ಅಥವಾ 23 ಸಿಕ್ಕರೆ ಅದನ್ನೇ ಹಿಡಿಯಿರಿ, ಸಮಯದ ಸ್ಲಾಟ್ ಇರುವ ಟಿಕೆಟನ್ನು ಮೊದಲೇ ತೆಗೆದಿಡಿ.

ವ್ಯಾಟಿಕನ್ ಮ್ಯೂಸಿಯಂಗಳಿಗೆ ರಜೆಗಳು ಎಲ್ಲಕ್ಕಿಂತ ಹೆಚ್ಚು. ಡಿಸೆಂಬರ್ 8, 25, 26, ಜನವರಿ 1, 6, ಇವುಗಳ ಮೇಲೆ ತಿಂಗಳ ಕೊನೆಯದನ್ನು ಬಿಟ್ಟು ಎಲ್ಲ ಭಾನುವಾರಗಳು. ರೋಮ್‌ಗೆ ಹೋಗುವವರು ಮೊದಲು ವ್ಯಾಟಿಕನ್ ದಿನವನ್ನು ಗಟ್ಟಿಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಹೊಂದಿಸಿದರೆ ಒಳ್ಳೆಯದು.

ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ 24, 25, 31 ಮತ್ತು ಜನವರಿ 1 ರಜೆ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ 25 ಮತ್ತು ಜನವರಿ 1 ಮುಚ್ಚಿರುತ್ತದೆ. 24, 31 ಮತ್ತು ಜನವರಿ 6ರಂದು ಮಧ್ಯಾಹ್ನ 2ಕ್ಕೇ ಬಾಗಿಲು ಹಾಕುತ್ತಾರೆ. ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚು ಹಬ್ಬದ ದಿನಗಳಲ್ಲೂ ತೆರೆದಿರುತ್ತದೆ, ಆದರೆ ಮಧ್ಯಾಹ್ನದವರೆಗೆ ಮಾತ್ರ.

ವರ್ಷವಿಡೀ ಬಾಗಿಲು ಹಾಕದ ಜಾಗಗಳೂ ಇವೆ. ಅವನ್ನು 25ಕ್ಕೆ ಅಂತಲೇ ತೆಗೆದಿಡಬೇಕು. ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂ, ವಿಯೆನ್ನಾದ ಶೋನ್‌ಬ್ರುನ್ ಅರಮನೆ, ಸ್ವಿಟ್ಜರ್ಲೆಂಡಿನಲ್ಲಿ ಹಿಮಪರ್ವತ ಹತ್ತುವ ಯುಂಗ್‌ಫ್ರಾವ್‌ಯೋಕ್ ರೈಲು, ಪ್ಯಾರಿಸ್ಸಿನ ಐಫೆಲ್ ಗೋಪುರ. ಐಫೆಲ್‌ಗೆ ರಜೆ ಇಲ್ಲದಿದ್ದರೂ ಮುಷ್ಕರ ಇರಬಹುದು. 2023ರ ಡಿಸೆಂಬರ್ 27ರಂದು ಸಿಬ್ಬಂದಿ ಮುಷ್ಕರ ಹೂಡಿದ್ದರಿಂದ ಗೋಪುರ ಹತ್ತಲು ಬಂದವರೆಲ್ಲ ಕೆಳಗಿನಿಂದಲೇ ನೋಡಿ ಹೋಗಬೇಕಾಯಿತು.

ಕ್ರಿಸ್‌ಮಸ್ ಸಂತೆ ನೋಡಲೆಂದೇ ಹೋಗುತ್ತಿದ್ದೇವೆ. 26ಕ್ಕೆ ಜರ್ಮನಿ ತಲುಪಿದರೆ ಸಾಕಲ್ಲವೇ?

ಸಾಲದು. ಈ ಒಂದು ತಪ್ಪು ಎಷ್ಟು ಜನರ ಪ್ರವಾಸ ಕೆಡಿಸಿದೆ ಅಂತ ನೋಡಿ ನನಗೆ ಬೇಸರವಾಗುತ್ತದೆ. ಆ ಸಂತೆಗಳು ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳ ಸಂತೆಗಳು. ಹಬ್ಬ ಬಂತು ಅಂದರೆ ಅವುಗಳ ಕೆಲಸ ಮುಗಿಯಿತು. ನ್ಯೂರೆಂಬರ್ಗ್‌ನ ಪ್ರಸಿದ್ಧ ಸಂತೆ ನವೆಂಬರ್ ಕೊನೆಗೆ ಶುರುವಾಗಿ 24ಕ್ಕೆ ಮುಗಿಯುತ್ತದೆ. ಜರ್ಮನಿಯ ಬಹುಪಾಲು ಊರುಗಳಲ್ಲಿ 23 ಅಥವಾ 24 ಕೊನೆ. 26ಕ್ಕೆ ಹೋದರೆ ಮರದ ಅಂಗಡಿಗಳನ್ನು ಬಿಚ್ಚಿ ಲಾರಿಗೆ ಹಾಕುವುದನ್ನು ನೋಡಬಹುದು.

ರಜೆ ಸಿಗುವುದೇ 24ರ ಮೇಲೆ ಅನ್ನುವವರಿಗೆ ದಾರಿ ಇದೆ. ಪ್ರಾಗ್‌ನ ಹಳೇ ಪೇಟೆ ಚೌಕದ ಸಂತೆ, ರೋಮ್‌ನ ಪಿಯಾಜಾ ನವೋನಾದ ಸಂತೆ ಜನವರಿ 6ರವರೆಗೂ ನಡೆಯುವಂಥವು. ಬರ್ಲಿನ್‌ನಲ್ಲೂ ಕೆಲವು ಸಂತೆಗಳು ಹಬ್ಬದ ನಂತರ ಮುಂದುವರಿಯುತ್ತವೆ.

ರೈಲಿನಲ್ಲಿ ಓಡಾಡುವವರು ಏನು ನೋಡಿಕೊಳ್ಳಬೇಕು?

ಯುರೋಪಿನ ರೈಲುಗಳ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರಾಂತ್ಯಕ್ಕೆ ಬದಲಾಗುತ್ತದೆ. 2026ರಲ್ಲಿ ಅದು 13ನೇ ತಾರೀಖು. ಹೊಸ ಪಟ್ಟಿ ಅಂತಿಮವಾಗುವವರೆಗೆ ಎಷ್ಟೋ ಮಾರ್ಗಗಳಲ್ಲಿ ಅದರ ನಂತರದ ದಿನಗಳ ಟಿಕೆಟ್ ಸಿಗುವುದಿಲ್ಲ. ಆಗಸ್ಟ್‌ನಲ್ಲಿ ಹುಡುಕಿ ರೈಲೇ ಇಲ್ಲ ಅಂತ ಗಾಬರಿಯಾಗಬೇಡಿ. ಅಕ್ಟೋಬರ್‌ನಿಂದ ವಾರಕ್ಕೊಮ್ಮೆ ನೋಡುತ್ತಿರಿ, ತೆರೆದ ಕೂಡಲೇ ತೆಗೆಯಿರಿ. 22, 23ರ ರೈಲುಗಳು ಊರಿಗೆ ಹೊರಟವರಿಂದ ಕಿಕ್ಕಿರಿದಿರುತ್ತವೆ, ಸೀಟು ಕಾದಿರಿಸದೆ ಹತ್ತಿದರೆ ಲಗೇಜಿನ ಮೇಲೆ ಕೂರಬೇಕಾದೀತು.

ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ 25ರಂದೂ ರೈಲು ಓಡುತ್ತವೆ, ಭಾನುವಾರದ ಲೆಕ್ಕದಲ್ಲಿ. ಪ್ಯಾರಿಸ್ ಮೆಟ್ರೋ ಕೂಡ. ರೋಮ್‌ನಲ್ಲಿ 24ರ ರಾತ್ರಿ 9ರ ಹೊತ್ತಿಗೆ ಮೆಟ್ರೋ ನಿಲ್ಲುತ್ತದೆ. ರಾತ್ರಿ ಪ್ರಾರ್ಥನೆ ನೋಡಲು ಹೋದವರು ವಾಪಸ್ ಬರುವುದು ಹೇಗೆ ಅಂತ ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಹೋಟೆಲ್ ರೂಮ್ ಒಳ್ಳೆಯದಾ, ಅಡುಗೆಮನೆ ಇರುವ ಬಾಡಿಗೆ ಮನೆಯಾ?

24ರಿಂದ 26ರ ಮೂರು ರಾತ್ರಿಗೆ ಅಡುಗೆಮನೆ ಇರಲಿ. ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಯೋಚನೆಯೇ ಬೇಡ. 23ರಂದೇ ಮೂರು ದಿನದ ಹಾಲು, ಮೊಟ್ಟೆ, ಅಕ್ಕಿ, ತರಕಾರಿ ತಂದು ಫ್ರಿಜ್ ತುಂಬಿಸಿದರೆ ಆಮೇಲೆ ಊರು ಮುಚ್ಚಿದರೂ ನಿಮ್ಮ ಊಟ ನಿಲ್ಲುವುದಿಲ್ಲ.

ಹೋಟೆಲೇ ಬೇಕು ಅನ್ನುವವರು ದೊಡ್ಡ ಹೋಟೆಲ್ ಹಿಡಿಯಿರಿ. ಮನೆಯವರೇ ನಡೆಸುವ ಸಣ್ಣ ಹೋಟೆಲುಗಳಲ್ಲಿ 24ರ ಸಂಜೆ ರಿಸೆಪ್ಷನ್‌ನಲ್ಲಿ ಯಾರೂ ಇರುವುದಿಲ್ಲ. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಬೀಗದ ಕೈ ಇಟ್ಟು, ಅದರ ನಂಬರನ್ನು ಇಮೇಲ್‌ನಲ್ಲಿ ಕಳಿಸಿರುತ್ತಾರೆ. ಆ ಇಮೇಲ್ ಓದದೆ ಹೋದರೆ ಚಳಿಯಲ್ಲಿ ಹೊರಗೆ ನಿಲ್ಲಬೇಕು. ನೀವು ತಲುಪುವ ಗಂಟೆಯನ್ನು ಒಂದು ವಾರ ಮುಂಚೆ ಬರೆದು ತಿಳಿಸಿ, ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ರೆಸ್ಟೋರೆಂಟ್‌ಗಳು?

24ರ ರಾತ್ರಿ, 25ರ ಮಧ್ಯಾಹ್ನ ತೆರೆದಿರುವವು ಕಡಿಮೆ. ಇದ್ದರೂ ಹಬ್ಬದ ಊಟ ಅಂತ ನಿಗದಿ ಮಾಡಿದ ಊಟ, ನಿಗದಿ ಮಾಡಿದ ಬೆಲೆ, ಮೊದಲೇ ಟೇಬಲ್ ಕಾದಿರಿಸಿದವರಿಗೆ ಮಾತ್ರ. ಏಷ್ಯಾದವರು, ತುರ್ಕಿಯವರು ನಡೆಸುವ ಊಟದ ಅಂಗಡಿಗಳು ಎಷ್ಟೋ ಊರಲ್ಲಿ ತೆರೆದಿರುತ್ತವೆ. ಹಿಂದಿನ ದಿನ ಆ ಕಡೆ ಹೋದಾಗ ನಾಳೆ ತೆರೆದಿರುತ್ತೀರಾ ಅಂತ ಬಾಯಿಬಿಟ್ಟು ಕೇಳಿಬಿಡಿ. ಇಂಟರ್ನೆಟ್ ಮ್ಯಾಪಿನಲ್ಲಿ ಕಾಣುವ ಸಮಯವನ್ನು ಹಬ್ಬದ ದಿನ ನಂಬಲಾಗದು.

ಮಗುವಿಗೆ ಜ್ವರ ಬಂದರೆ? ಮೆಡಿಕಲ್ ಶಾಪ್ ತೆರೆದಿರುತ್ತದಾ?

ಸರದಿಯ ಮೇಲೆ ಒಂದು ಅಂಗಡಿ ಖಂಡಿತ ತೆರೆದಿರುತ್ತದೆ. ಜರ್ಮನಿಯಲ್ಲಿ ಇದಕ್ಕೆ ನೋಟ್‌ಡೀನ್ಸ್ಟ್, ಫ್ರಾನ್ಸಿನಲ್ಲಿ ಫಾರ್ಮಸಿ ದ ಗಾರ್ಡ್, ಇಟಲಿಯಲ್ಲಿ ಫಾರ್ಮಾಚಿಯಾ ದಿ ತುರ್ನೊ ಅನ್ನುತ್ತಾರೆ. ಮುಚ್ಚಿದ ಅಂಗಡಿಯ ಗಾಜಿಗೆ ಅಂದು ತೆರೆದಿರುವ ಅಂಗಡಿಯ ವಿಳಾಸ ಅಂಟಿಸಿರುತ್ತಾರೆ, ಅದರ ಫೋಟೊ ತೆಗೆದುಕೊಳ್ಳಿ. ತುರ್ತು ಸ್ಥಿತಿಗೆ ಯುರೋಪಿನಾದ್ಯಂತ 112. ತುರ್ತಲ್ಲದ, ಆದರೆ ವೈದ್ಯರು ಬೇಕೇ ಬೇಕು ಅನ್ನುವಾಗ ಜರ್ಮನಿಯಲ್ಲಿ 116117, ಬ್ರಿಟನ್‌ನಲ್ಲಿ 111. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಇಡೀ ಪ್ರವಾಸಕ್ಕೆ ಆಗಿ ಒಂದು ವಾರ ಹೆಚ್ಚಿಗೆ, ಮಗುವಿನ ಜ್ವರದ ಔಷಧಿ, ಥರ್ಮಾಮೀಟರ್ ಎಲ್ಲ ಕೈಚೀಲದಲ್ಲೇ ಇರಲಿ.

ಕಾರು ಬಾಡಿಗೆಗೆ ತೆಗೆದುಕೊಂಡು ಆಲ್ಪ್ಸ್ ಸುತ್ತಬಹುದಾ?

ಕಣಿವೆಯ ರಸ್ತೆಗಳಲ್ಲಿ ಸರಿ. ಬೇಸಿಗೆಯ ಚಿತ್ರಗಳಲ್ಲಿ ಕಾಣುವ ಎತ್ತರದ ಘಾಟಿಗಳಲ್ಲಿ ಬಹಳಷ್ಟು ಚಳಿಗಾಲಪೂರ್ತಿ ಬಂದ್. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ನವೆಂಬರ್‌ನಲ್ಲಿ ಮುಚ್ಚಿ ಮೇ ಹೊತ್ತಿಗೆ ತೆರೆಯುತ್ತದೆ, ಇಟಲಿಯ ಸ್ಟೆಲ್ವಿಯೊ ಘಾಟಿಯೂ ಅಷ್ಟೇ. ಇಟಲಿಯ ಎಷ್ಟೋ ರಸ್ತೆಗಳಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟಯರ್ ಅಥವಾ ಸರಪಳಿ ಕಡ್ಡಾಯ. ಹಿಮದಲ್ಲಿ ಓಡಿಸಿ ಅಭ್ಯಾಸ ಇಲ್ಲದವರಿಗೆ ನಾನು ಹೇಳುವುದು ರೈಲು.

ಬೆಳಕು ಎಷ್ಟು ಹೊತ್ತು ಇರುತ್ತದೆ?

ಲಂಡನ್‌ನಲ್ಲಿ ಎಂಟು ಗಂಟೆಗೂ ಸ್ವಲ್ಪ ಕಡಿಮೆ, ರೋಮ್‌ನಲ್ಲಿ ಒಂಬತ್ತು. ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಎರಡು ಗಂಟೆ ಆಸುಪಾಸು, ನಾರ್ವೆಯ ಟ್ರಾಮ್ಸೊದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಾಯ್‌ಶ್ವಾನ್‌ಸ್ಟೈನ್‌ನಂಥ ಕೋಟೆಗಳು ಚಳಿಗಾಲದಲ್ಲಿ 4 ಗಂಟೆಗೇ ಬಾಗಿಲು ಹಾಕುತ್ತವೆ. ದಿನಕ್ಕೆ ಹೊರಗಿನದ್ದು ಒಂದು ಜಾಗ, ಒಳಗಿನದ್ದು ಒಂದು ಜಾಗ, ಅಷ್ಟೇ ಇಟ್ಟುಕೊಳ್ಳಿ.

ವೀಸಾಗೆ ಯಾವಾಗ ಅರ್ಜಿ ಹಾಕಬೇಕು?

ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ಸಲ್ಲುವ ಶೆಂಗೆನ್ ವೀಸಾಗೆ ಹೊರಡುವ 6 ತಿಂಗಳ ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ರಾಯಭಾರ ಕಚೇರಿಗಳಿಗೂ ಹಬ್ಬದ ರಜೆ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಸೆಪ್ಟೆಂಬರ್‌ನಲ್ಲಿ ಹಾಕಿಬಿಟ್ಟರೆ ನಿಶ್ಚಿಂತೆ.

31ರ ರಾತ್ರಿ?

ಲಂಡನ್ ಪಟಾಕಿ ಪ್ರದರ್ಶನಕ್ಕೆ ಟಿಕೆಟ್ ಬೇಕು, ಅದು ಬೇಗ ಖಾಲಿಯಾಗುತ್ತದೆ. ಜರ್ಮನಿಯಲ್ಲಿ ಜನರೇ ಬೀದಿಯಲ್ಲಿ ಪಟಾಕಿ ಹಚ್ಚುತ್ತಾರೆ, ಚಿಕ್ಕ ಮಕ್ಕಳ ಜೊತೆ ಚೌಕಗಳಿಗೆ ಹೋಗಬೇಡಿ, ಕಿಟಕಿಯಿಂದ ನೋಡಿ. ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜನವರಿ 1ರ ಸಂಗೀತ ಕಛೇರಿಯ ಟಿಕೆಟ್ ಸಿಗುವುದು ಚೀಟಿ ಎತ್ತಿ, ಅದಕ್ಕೆ ಹೆಸರು ಕೊಡುವುದು ಆ ಹಿಂದಿನ ಫೆಬ್ರುವರಿಯಲ್ಲೇ.

ಇಷ್ಟೆಲ್ಲ ತಾಪತ್ರಯ ಬೇಡ ಅಂತ ಜಪಾನಿಗೆ ಹೋದರೆ?

ಜಪಾನಿನಲ್ಲಿ 25 ಮಾಮೂಲಿ ದಿನ. ಅಲ್ಲಿ ಬಾಗಿಲು ಹಾಕುವುದು ಹೊಸವರ್ಷಕ್ಕೆ. ಸರ್ಕಾರಿ ಕಚೇರಿಗಳು ಡಿಸೆಂಬರ್ 29ರಿಂದ ಜನವರಿ 3ರವರೆಗೆ ಮುಚ್ಚಿರುತ್ತವೆ, ಮ್ಯೂಸಿಯಂಗಳೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ರಜೆ ತೆಗೆದುಕೊಳ್ಳುತ್ತವೆ. ನೊಜೊಮಿ ಬುಲೆಟ್ ರೈಲುಗಳಲ್ಲಿ ಆ ದಟ್ಟಣೆಯ ದಿನಗಳಲ್ಲಿ ಎಲ್ಲ ಸೀಟೂ ಕಾದಿರಿಸಿದವರಿಗೆ ಮಾತ್ರ. 20ಕ್ಕೆ ಹೋಗಿ 28ಕ್ಕೆ ವಾಪಸಾಗುವುದಾದರೆ ಜಪಾನ್ ಬಹಳ ಒಳ್ಳೆಯ ಆಯ್ಕೆ.

ಎಲ್ಲ ಮುಚ್ಚಿದ್ದರೆ 25ರಂದು ಇಡೀ ದಿನ ಮಾಡುವುದೇನು?

ಚರ್ಚುಗಳು ತೆರೆದಿರುತ್ತವೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅಂದು ಪ್ರವಾಸಿಗರಿಗೆ ಇಲ್ಲ, ಪ್ರಾರ್ಥನೆಗೆ ಬರುವವರಿಗೆ ಉಂಟು, ಶುಲ್ಕವೂ ಇಲ್ಲ. ಬೆಂಕಿ ಅನಾಹುತದ ನಂತರ ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ಹಬ್ಬದ ಪ್ರಾರ್ಥನೆ ನಡೆಯುತ್ತದೆ. ಯಾವ ಧರ್ಮದವರಾದರೂ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಆರ್ಗನ್ ವಾದ್ಯ ಕೇಳಬಹುದು, ಮೊಬೈಲ್ ಒಳಗಿಟ್ಟಿರಬೇಕು ಅಷ್ಟೆ.

ಎರಡನೇ ಸಲ ಹೋದಾಗ ನಾವು ಆ ಮೂರು ದಿನವನ್ನು ವಿಯೆನ್ನಾದಲ್ಲಿ ಕಳೆದೆವು. 23ರಂದೇ ಸಾಮಾನು ತಂದಿಟ್ಟಿದ್ದೆವು. 25ರ ಬೆಳಿಗ್ಗೆ ಮನೆಯಲ್ಲೇ ಉಪ್ಪಿಟ್ಟು ಮಾಡಿ ತಿಂದು ಶೋನ್‌ಬ್ರುನ್ ತೋಟಕ್ಕೆ ನಡೆದೆವು. ಜಲ್ಲಿಕಲ್ಲಿನ ದಾರಿಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಹೆಜ್ಜೆ ಇಟ್ಟಲ್ಲೆಲ್ಲ ಕರಕರ ಅನ್ನುತ್ತಿತ್ತು. ಊರಿನವರು ಅಜ್ಜ ಅಜ್ಜಿ ಮೊಮ್ಮಕ್ಕಳ ಸಮೇತ ಅಲ್ಲೇ ತಿರುಗಾಡುತ್ತಿದ್ದರು. ಒಬ್ಬ ಹುಡುಗಿ ಹೊಸ ಸೈಕಲ್ ತಂದಿದ್ದಳು, ಅದರ ಹ್ಯಾಂಡಲ್‌ಗೆ ಕಟ್ಟಿದ್ದ ರಿಬ್ಬನ್ ಇನ್ನೂ ಬಿಚ್ಚಿರಲಿಲ್ಲ. ಮಗಳು ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪದವರೆಗೆ ಅವಳ ಸೈಕಲ್ ಹಿಂದೆಯೇ ಓಡಿದಳು.